ಆಟದ ಯಂತ್ರಗಳ ಪೈಪೋಟಿ

ವಿಡಿಯೋ ಗೇಮ್ ಯಂತ್ರಗಳ ಮುಂದಿನ ಪೀಳಿಗೆಗೆ ಸಿದ್ಧತೆ ನಡೆದಿರುವುದು ಗುಟ್ಟಾಗಿ ಉಳಿದಿಲ್ಲ. 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ಅಕ್ಟೋಬರಿನಲ್ಲಿ ಸೋನಿ, ತಮ್ಮ ಭಾವೀ ಯಂತ್ರಗಳಿಗಾಗಿ ಎಎಂಡಿ ಎಂಬ ಅಮೆರಿಕದ ಚಿಪ್ ಸಂಸ್ಥೆಯೊಡನೆ ನಡೆಸಿರುವ ಕೆಲಸವನ್ನು ಪ್ರಕಟಿಸಿದವು. ಅಂಗಡಿಯಲ್ಲಿ ಎದುರಾಳಿಗಳಾದವರು ಒಂದೇ ಕಮ್ಮಟದ ಒಕ್ಕಲು! ಮೈಕ್ರೋಸಾಫ್ಟ್ ಅಂತೂ ತನ್ನ ಪ್ರತಿಷ್ಠೆಯ 'ಹೇಲೋ' ಆಟವನ್ನೇ ಸೋನಿಯ ಯಂತ್ರಕ್ಕೂ ಕೊಡುವುದಾಗಿ ಅದೇ ಅಕ್ಟೋಬರಿನಲ್ಲಿ ಸಾರಿತು. ನಿಂಟೆಂಡೊ ಮಾತ್ರ ಎನ್ವಿಡಿಯಾ ಚಿಪ್ಪನ್ನು ನೆಚ್ಚಿ, 2025ರ ಜೂನ್ 5ರಂದೇ ಸ್ವಿಚ್ 2 ಯಂತ್ರವನ್ನು ಹೊರತಂದಿತು.

ಯಂತ್ರ ಹಳತಾದಂತೆ ಬೆಲೆ ಇಳಿಯಬೇಕೆಂಬುದು ಪೇಟೆಯ ಹಳೆಯ ನ್ಯಾಯ. ಈ ಸಲ ಅದು ತಲೆಕೆಳಗಾಯಿತು. 2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದಾಗ 49,990 ರೂಪಾಯಿಯಿದ್ದ ಪ್ಲೇಸ್ಟೇಷನ್ 5, 2022ರಲ್ಲಿ 54,990ಕ್ಕೆ ಏರಿತು. 'ಸ್ವಲ್ಪ ಕಾದರೆ ಅಗ್ಗವಾದೀತು' ಎಂದು ಮಗನನ್ನು ಸಮಾಧಾನಪಡಿಸಿದ ಡೊಂಬಿವಲಿಯ ಗುಮಾಸ್ತನೂ ಠಾಣೆಯ ಹೋಟೆಲ್ ಬಂಧುವೂ ಈಗ ಏನು ಹೇಳಬೇಕು?

ನಾವು ಕೇಳುವುದು ಬೇರೆಯೇ. ಇಂದು ಕೊಂಡ ಆಟ ನಾಳಿನ ಯಂತ್ರದಲ್ಲಿ ನಡೆಯುವುದೇ? ಪ್ಲೇಸ್ಟೇಷನ್ 3ರ ಡಿಸ್ಕುಗಳು 4ರಲ್ಲಿ ನಡೆಯಲಿಲ್ಲ. ಕೊಂಡವರ ಹಣ ಕಪಾಟು ಸೇರಿತು. 4ರ ಆಟಗಳು ಬಹುಪಾಲು 5ರಲ್ಲಿ ನಡೆಯುತ್ತವೆ. ಎಕ್ಸ್‌ಬಾಕ್ಸ್ ಈ ವಿಷಯದಲ್ಲಿ ಇನ್ನೂ ಉದಾರಿ.

ಇನ್ನು, ಡಿಸ್ಕ್ ಹಾಕಲು ಬಾರದ ಪ್ಲೇಸ್ಟೇಷನ್ 5 ಆರಂಭದಲ್ಲಿ 39,990ಕ್ಕೆ ದೊರೆಯುತ್ತಿತ್ತು. ಹತ್ತು ಸಾವಿರದ ಉಳಿತಾಯವೇನೋ ನಿಜ. ಆದರೆ ಆಡಿ ಮುಗಿದ ಡಿಸ್ಕನ್ನು ಕಲ್ಯಾಣದ ಹುಡುಗ ವಾಶಿಯ ಗೆಳೆಯನಿಗೆ ಅರ್ಧ ಬೆಲೆಗೆ ಮಾರಬಹುದು. ಇಂಟರ್ನೆಟ್ಟಿನಲ್ಲಿ ಇಳಿಸಿಕೊಂಡ ಆಟಕ್ಕೆ ಆ ಭಾಗ್ಯವಿಲ್ಲ.