ಹಣ್ಣು ನಮ್ಮದು, ಹೆಸರು ಯಾರದು?

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೀಜ ಅಲ್ಲಿನ ಎಸ್ಪ್ರೆಸೊ ಮಿಶ್ರಣ ಸೇರಿತೆಂದರೆ ಬೆಳೆದ ಗುಡ್ಡದ ಗುರುತು ಉಳಿಯುವುದಿಲ್ಲ. ಅದೇ ಇಟಲಿ ತನ್ನ ಕೆಂಪು ವೈನ್ ಮಾರುವಾಗ ಮಾತ್ರ ಕಣಿವೆಯ ಹೆಸರನ್ನೂ ಕುಟುಂಬದ ಹೆಸರನ್ನೂ ಸೀಸೆಯ ಮೇಲೆ ಅಚ್ಚೊತ್ತಿಯೇ ಕಳುಹಿಸುತ್ತದೆ. ಈ ಅಂತರಕ್ಕೆ ಮಣ್ಣಿಗಿಂತ ಮಿಗಿಲಾಗಿ ವ್ಯವಸ್ಥೆಯೇ ಕಾರಣ.

ವೆರೋನಾ ನಗರದ ಬಳಿಯ ವಲ್ಪೊಲಿಚೆಲ್ಲಾ ಗುಡ್ಡಗಳ ಅಮರೋನೆ ವೈನನ್ನೇ ನೋಡೋಣ. ಅಲ್ಲಿ ಕೊಯ್ದ ದ್ರಾಕ್ಷಿಯನ್ನು ಕೂಡಲೇ ಹಿಂಡುವುದಿಲ್ಲ. ಗಾಳಿಯಾಡುವ ಅಟ್ಟಗಳಲ್ಲಿ, ತಟ್ಟೆಗಳ ಮೇಲೆ ಸುಮಾರು ಮೂರು ತಿಂಗಳು ಬಾಡಿಸುತ್ತಾರೆ. ಹಣ್ಣು ತನ್ನ ತೂಕದ ಮೂರನೇ ಒಂದು ಭಾಗದಷ್ಟನ್ನು ಕಳೆದುಕೊಂಡು, ರಸ ಗಟ್ಟಿಯಾದ ಬಳಿಕವೇ ಹುದುಗುವಿಕೆ ಆರಂಭ. ಅಲ್ಲಿನ ಬೊಸ್ಕೈನಿ ಕುಟುಂಬ 1772ರಿಂದ ದ್ರಾಕ್ಷಿ ಬೆಳೆಯುತ್ತಿದೆ; ಅದರ ತೋಟವಿದ್ದ ಪುಟ್ಟ ಕಣಿವೆಯ ಹೆಸರೇ 'ಮಾಸಿ' ಎಂಬ ವೈನ್ ಸಂಸ್ಥೆಯ ಹೆಸರಾಯಿತು. ಬಾಡಿಸಿದ ದ್ರಾಕ್ಷಿಯ ಗುಣವನ್ನು ಸಾಮಾನ್ಯ ವೈನಿಗೂ ತರಲು ಎರಡನೆಯ ಬಾರಿ ಹುದುಗಿಸುವ ವಿಧಾನವನ್ನು ಈ ಸಂಸ್ಥೆ 1964ರ ಸುಗ್ಗಿಯ ವೈನಿನಿಂದ ಪ್ರಸಿದ್ಧಿಗೆ ತಂದಿತು.

ಮನೆತನದ ಕೌಶಲವೊಂದರಿಂದಲೇ ಇದು ಸಾಧ್ಯವಾಗಲಿಲ್ಲ ಎಂಬುದು ಗಮನಾರ್ಹ. ಯಾವ ತಳಿ, ಯಾವ ಗುಡ್ಡ, ಎಷ್ಟು ಕಾಲ ಮಾಗಿಸಬೇಕು ಎಂಬುದಕ್ಕೆಲ್ಲ ಅಲ್ಲಿ ಕಾನೂನಿನ ಕಟ್ಟಳೆಯಿದೆ. ಕನಿಷ್ಠ ಎರಡು ವರ್ಷ ಮಾಗದ ಅಮರೋನೆಯನ್ನು ಮಾರುವಂತಿಲ್ಲ. ಕಾಯುವಿಕೆಯ ನಷ್ಟವನ್ನು ಹೆಸರು ತುಂಬಿಕೊಡುತ್ತದೆ.

ಹಣ್ಣನ್ನು ಒಣಗಿಸುವ ವಿದ್ಯೆ ಮಲೆನಾಡಿಗೇನೂ ಹೊಸದಲ್ಲ. ಇಡೀ ಹಣ್ಣನ್ನು ಕಣದಲ್ಲಿ ಒಣಗಿಸಿದರೆ ಚೆರ್ರಿ. ಪಲ್ಪರ್‌ಗೆ ಹಾಕಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ದಿನಕ್ಕೆ ಹಲವು ಬಾರಿ ಕೈಯಾಡಿಸುವ, ಸಂಜೆ ಗುಡ್ಡೆ ಮಾಡಿ ಮುಚ್ಚುವ ಎಚ್ಚರದ ಮೇಲೆಯೇ ಬಟ್ಟಲಿನ ರುಚಿ ನಿಂತಿದೆ. ಆದರೆ ಮಾರುಕಟ್ಟೆ ಕೇಳುವುದು 50 ಕೆ.ಜಿ. ಚೀಲದ ದರ, ತೇವಾಂಶ ಮತ್ತು ಔಟ್‌ಟರ್ನ್ ಮಾತ್ರ. ಒಣಗಿಸಿದವರ ಶ್ರದ್ಧೆಗೆ ಆ ಲೆಕ್ಕದಲ್ಲಿ ಕಾಲಂ ಇಲ್ಲ.

ಇದಕ್ಕೊಂದು ಚರಿತ್ರೆಯಿದೆ. 1940ರ ದಶಕದಿಂದ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಆ ವ್ಯವಸ್ಥೆ ಕಷ್ಟಕಾಲದಲ್ಲಿ ಆಸರೆಯಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ತೋಟ ತೋಟಗಳ ವೈಶಿಷ್ಟ್ಯ ಅದರ ರಾಶಿಯಲ್ಲಿ ಮುಚ್ಚಿಹೋಯಿತು. 1996ರ ಹೊತ್ತಿಗೆ ಮಾರಾಟ ಪೂರ್ಣ ಮುಕ್ತವಾಯಿತು. ಕೆಲವು ಎಸ್ಟೇಟುಗಳು ಈಗ ಸ್ವಂತ ಹೆಸರಿನಲ್ಲೇ ಹುರಿದು ಮಾರುತ್ತಿವೆ. ಆದರೆ ಎರಡು ಮೂರು ಎಕರೆಯ ಬೆಳೆಗಾರನ ಪಾಲಿಗೆ ಪೂಲ್‌ನ ಜಾಗಕ್ಕೆ ವರ್ತಕನ ಗೋದಾಮು ಬಂದಿತು, ಅಷ್ಟೆ.

2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಮಾನ್ಯತೆ ಸಂದಿದೆ. ಸಂತೋಷವೇ. ಆದರೆ ಮಾನ್ಯತೆಯ ಪತ್ರ ತಾನಾಗಿ ಬೆಲೆ ತಾರದು. ಸಣ್ಣ ಬೆಳೆಗಾರ ಕಾಯಲಾರ. ಸಾಲದ ಕಂತು, ಕೂಲಿಯ ಬಟವಾಡೆ ಕೊಯ್ಲಿನ ಬೆನ್ನಿಗೇ ಎದುರಾಗುತ್ತವೆ. ಕೊಯ್ಲಿನ ದಿನಗಳಲ್ಲೇ ಅಕಾಲಿಕ ಮಳೆ ಸುರಿದರೆ ಕಣದ ಹಣ್ಣಿಗೆ ಬೂಸ್ಟು ಹಿಡಿಯುತ್ತದೆ. ಇಂಥವರಿಗೆ 'ಗುಣಮಟ್ಟ ಹೆಚ್ಚಿಸಿ' ಎಂಬ ಉಪದೇಶ ಸಾಲದು.

ಆಗಬೇಕಾದ ಕೆಲಸಗಳು ಕಷ್ಟದವಲ್ಲ. ಹೋಬಳಿಗೊಂದು ಸೂರಿರುವ ಸಾಮೂಹಿಕ ಒಣಗಿಸುವ ಕಣ. ದಾಸ್ತಾನಿನ ಆಧಾರದ ಮೇಲೆ ಕಡಿಮೆ ಬಡ್ಡಿಯ ಸಾಲ. ಸಣ್ಣ ಬೆಳೆಗಾರರ ಕೈಗೆಟುಕುವ ರುಚಿ ಪರೀಕ್ಷೆ. 1925ರಷ್ಟು ಹಿಂದೆಯೇ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದೇ ಜಿಲ್ಲೆಯಲ್ಲಿರುವಾಗ ತಜ್ಞರ ಕೊರತೆಯ ನೆಪ ಹೇಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುಡ್ಡದ ಹೆಸರನ್ನು ಪೊಟ್ಟಣದ ಮೇಲೆ ಬಳಸುವವರು ಪಾಲಿಸಬೇಕಾದ ಕಟ್ಟಳೆಗಳನ್ನು ಬೆಳೆಗಾರರ ಸಂಘಗಳೇ ಕುಳಿತು ರೂಪಿಸಿ, ಮುರಿದವರನ್ನು ಹೊರಗಿಡುವ ಧೈರ್ಯ ತೋರಬೇಕು. ಇದು ಸರ್ಕಾರ ಮಾಡಿಕೊಡುವ ಕೆಲಸವಲ್ಲ.

ಇಟಲಿಯಿಂದ ನಾವು ಕಲಿಯಬೇಕಾದದ್ದು ವೈನ್ ಮಾಡುವುದನ್ನಲ್ಲ, ಬೆಳೆದವರ ಹೆಸರನ್ನು ಕಾಯುವುದನ್ನು. ಗುಡ್ಡದ ಹೆಸರಿಗೆ ಸಲ್ಲುವ ಬೆಲೆ ಗುಡ್ಡದಲ್ಲಿ ದುಡಿಯುವವರಿಗೂ ತಲುಪದಿದ್ದರೆ, ಆ ಮಾನ್ಯತೆ ಪೊಟ್ಟಣದ ಅಲಂಕಾರವಾಗಿಯಷ್ಟೇ ಉಳಿದೀತು.