ಕೂಡಿ ಓದುವುದರ ಮೇಲ್ಮೆ



ಅಂತರ್ಜಾಲದಲ್ಲಿ ಓದುವವರಿಗೆ ಎರಡು ದಾರಿಗಳುಂಟು. ಮೊದಲನೆಯದು ಫೀಡ್ ರೀಡರ್ ಎಂಬ ಸಾಧನ. ನಾವು ಮೆಚ್ಚಿದ ಪತ್ರಿಕೆಗಳ ಹಾಗೂ ಲೇಖಕರ ತಾಣಗಳನ್ನು ಅದಕ್ಕೆ ಒಮ್ಮೆ ತಿಳಿಸಿಟ್ಟರೆ, ಅವುಗಳಲ್ಲಿ ಹೊಸತಾಗಿ ಪ್ರಕಟವಾದುದನ್ನು ಅದು ತಾನಾಗಿಯೇ ಒಂದೆಡೆಗೆ ತಂದು ಜೋಡಿಸಿಡುವುದು. ಎರಡನೆಯದು, ಓದುಗರು ಒಬ್ಬರನ್ನೊಬ್ಬರು ಪ್ರಶ್ನಿಸುತ್ತ, ತಿದ್ದುತ್ತ, ಉತ್ತರ ಕೊಡುತ್ತ ಇರುವ ಸಮುದಾಯದ ತಾಣ. ಇವುಗಳಲ್ಲಿ ಎರಡನೆಯದೇ ಲೇಸೆಂಬುದು ನನ್ನ ಅಭಿಪ್ರಾಯ.

ಫೀಡ್ ರೀಡರನ್ನು ನಾನು ಹಳಿಯುವವಳಲ್ಲ. ಏನನ್ನು ಓದಬೇಕೆಂಬುದನ್ನು ಅಲ್ಲಿ ಓದುವವಳೇ ನಿಶ್ಚಯಿಸುವಳು. ಜಾಹೀರಾತಿನ ಲಾಭವನ್ನೆಣಿಸುವ ಯಂತ್ರವಲ್ಲ. ಬೈಗುಳವಿಲ್ಲ, ಗದ್ದಲವಿಲ್ಲ. ಇವು ಅಲ್ಪ ಗುಣಗಳಲ್ಲ. ಆದರೆ ಬರೆದವನು ತಪ್ಪಿದಾಗ ತಪ್ಪೆಂದು ಅಲ್ಲಿ ಹೇಳುವವರಾರು? ಓದಿದವಳಿಗೆ ಸಂದೇಹವುಂಟಾದರೆ ಯಾರನ್ನು ಕೇಳಬೇಕು?

ಗೂಗಲ್ ಸಂಸ್ಥೆಯವರ ರೀಡರ್ ಎಂಬ ಸಾಧನವು 2005ರಲ್ಲಿ ಆರಂಭವಾಯಿತು. ಕಾಲಕ್ರಮದಲ್ಲಿ ಅದಕ್ಕೆ, ಓದಿದುದನ್ನು ಸ್ನೇಹಿತರೊಡನೆ ಹಂಚಿಕೊಂಡು ಅದರ ಮೇಲೆ ಅಭಿಪ್ರಾಯ ಬರೆಯುವ ಅನುಕೂಲವೂ ಸೇರಿತು. 2011ರಲ್ಲಿ ಆ ಅನುಕೂಲವನ್ನು ತೆಗೆದುಹಾಕಿದಾಗ ಓದುಗರಲ್ಲಿ ಅನೇಕರು ನೊಂದು ಪ್ರತಿಭಟಿಸಿದರು. ಸುದ್ದಿ ತರುವ ಕೆಲಸವೇನೋ ಮೊದಲಿನಂತೆಯೇ ನಡೆದಿತ್ತು. ಅವರು ಕಳೆದುಕೊಂಡುದು ಜೊತೆಯನ್ನು. 2013ನೆಯ ಜುಲೈ 1ರಂದು ಆ ರೀಡರೇ ಮುಚ್ಚಿಹೋಯಿತು.

ಇದಕ್ಕೆ ಪ್ರತಿಯಾಗಿ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನೋಡಿರಿ. ಅಲ್ಲಿಯ ಲೇಖನಗಳಿಗೆ ‘ಚರ್ಚೆ’ಯೆಂಬ ಪುಟವೊಂದು ಹೊಂದಿಕೊಂಡಿರುವುದು. ಯಾವ ದಿನ ಯಾವ ವಾಕ್ಯವನ್ನು ತಿದ್ದಲಾಯಿತೆಂಬುದು ‘ಇತಿಹಾಸ’ದ ಪುಟದಲ್ಲಿ ದಾಖಲಾಗಿರುವುದು. ಒಬ್ಬಾಕೆ ತನ್ನೂರಿನ ಕೆರೆಯ ವಿಷಯವಾಗಿ ನಾಲ್ಕು ಸಾಲು ಬರೆದಳೆನ್ನೋಣ. ಕೂಡಲೇ ಮತ್ತೊಬ್ಬರು, “ಇದಕ್ಕೆ ಆಧಾರವೇನು?” ಎಂದು ಕೇಳಬಹುದು. ಆಕೆ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಹುಡುಕಬೇಕಾಗುವುದು. ಇಲ್ಲವೇ ಬರೆದುದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುವುದು. ನೂರು ಲೇಖನಗಳನ್ನು ಸುಮ್ಮನೆ ಓದಿದರೂ ದೊರೆಯದ ಶಿಕ್ಷಣ ಆ ಒಂದು ಪ್ರಶ್ನೆಯಿಂದ ದೊರೆಯುವುದು.

ಆದರೆ ಅಲ್ಲಿ ಬರೆಯುವವರು ಯಾರು? ವಿಕಿಮೀಡಿಯ ಪ್ರತಿಷ್ಠಾನದವರು 2011ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಉತ್ತರ ಕೊಟ್ಟ ಸಂಪಾದಕರ ಪೈಕಿ ಸ್ತ್ರೀಯರು ನೂರಕ್ಕೆ 10ಕ್ಕಿಂತಲೂ ಕಡಿಮೆಯಾಗಿದ್ದರು. ಹೆಣ್ಣುಮಕ್ಕಳಿಗೆ ಅಕ್ಷರ ಬಂದರೆ ಸಾಕೆಂದು ತೃಪ್ತರಾದವರು ಈ ಅಂಕಿಯನ್ನು ಸ್ವಲ್ಪ ಆಲೋಚಿಸಲಿ. ಓದುವವರಾಗಿ ಮಾತ್ರ ಉಳಿದರೆ ಬಾಣಂತನ, ಅಡುಗೆ, ನೇಯ್ಗೆ, ಲೇಖಕಿಯರ ಜೀವನ, ಇವುಗಳ ಕುರಿತು ಕೂಡ ಬಹುಮಟ್ಟಿಗೆ ಪರರು ಬರೆದುದನ್ನೇ ನಾವು ನಂಬಬೇಕಾದೀತು.

ತೆರೆದ ತಾಣಗಳಲ್ಲಿ ಹೆಣ್ಣುಮಕ್ಕಳಿಗೆ ಅವಮಾನವಾದೀತೆಂಬ ಪೋಷಕರ ಭಯ ನಿರಾಧಾರವಲ್ಲ. ಸಮುದಾಯವೆಂದು ಹೇಳಿಕೊಳ್ಳುವ ತಾಣಗಳೆಲ್ಲ ಸಜ್ಜನರ ಕೂಟಗಳೂ ಅಲ್ಲ. ಮೆಚ್ಚುಗೆಯ ಎಣಿಕೆಯೇ ಸತ್ಯದ ಅಳತೆಯಾಗಿರುವ ಕಡೆಗೆ ಮಕ್ಕಳನ್ನು ಕಳುಹಿಸಿರೆಂದು ನಾನು ಹೇಳಲಾರೆ. ನಿಯಮಗಳಿವೆಯೇ, ಅವನ್ನು ಮೀರಿದವರನ್ನು ತಡೆಯುವವರಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ವಿಕಿಪೀಡಿಯದಲ್ಲಿ ನಿಜನಾಮವನ್ನಾಗಲಿ ಭಾವಚಿತ್ರವನ್ನಾಗಲಿ ಕೊಡಬೇಕೆಂಬ ನಿರ್ಬಂಧವಿಲ್ಲ. ಎಳೆಯ ಹುಡುಗಿಯಾದರೆ ತಾಯಿಯೋ ಅಕ್ಕನೋ ಮೊದಲ ದಿನಗಳಲ್ಲಿ ಪಕ್ಕದಲ್ಲಿ ಕುಳಿತಿರಲಿ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅಧ್ಯಾಪಿಕೆಯರೂ ದಾದಿಯರೂ ಅನೇಕರಿದ್ದಾರೆ. ಅವರು ತಂತಮ್ಮ ವೃತ್ತಿಗೆ ಸೇರಿದ ಒಂದು ಲೇಖನವನ್ನು ತೆರೆದು, ತಪ್ಪು ಕಂಡಲ್ಲಿ ತಿದ್ದಿ, ಸಂದೇಹ ಬಂದಲ್ಲಿ ಚರ್ಚೆಯ ಪುಟದಲ್ಲಿ ಒಂದು ಪ್ರಶ್ನೆಯನ್ನಾದರೂ ಬರೆಯಬೇಕೆಂದು ಕೋರುತ್ತೇನೆ.