ಎಷ್ಟು ದಿನ ಕೆಳಗೆ ಭಾವಿಸಿದ್ದೀರಿ?

‘ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ನೀವು ಕೆಳಗೆ ಭಾವಿಸಿದ್ದೀರಿ?’

ಪ್ರಶ್ನೆ ನನ್ನದಲ್ಲ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಚಿಕ್ಕಮ್ಮನ ಕೈಗಿತ್ತ ಫಾರಂನದ್ದು. ಚಿಕ್ಕಮ್ಮ ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ‘ಕೆಳಗೇ ಇರೋದು ಕಣೋ ನಾನು. ಮೇಲಿನ ಮನೆ ಬಾಡಿಗೆಗೆ ಕೊಟ್ಟು ಹದಿನಾರು ವರ್ಷ ಆಯ್ತು. ಹಾಗಂತ ಬರೀಲಾ?’ ಅಂದರು.

ಮೊದಲು ನಗು ಬಂತು, ಆಮೇಲೆ ಸಿಟ್ಟು. ನಗು ಅಲ್ಲೇ ಮುಗಿಯಿತು. ಸಿಟ್ಟು ವಾರವಾದರೂ ಇಳಿದಿಲ್ಲ.

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನ ಬಂತು, ಹೋಯಿತು. ಹಸಿರು ರಿಬ್ಬನ್ನು, ವಾಕಥಾನು, ದೀಪ ಬೆಳಗಿಸಿ ಭಾಷಣ ಎಲ್ಲವನ್ನೂ ನೀವೂ ನೋಡಿದ್ದೀರಿ. ‘ಮಾತನಾಡಿ, ಮನಸ್ಸು ಹಗುರ ಮಾಡಿಕೊಳ್ಳಿ’ ಎಂಬ ಬ್ಯಾನರು ನಮ್ಮ ರಸ್ತೆಯ ಲೈಟುಕಂಬಕ್ಕೆ ಇನ್ನೂ ಜೋತುಬಿದ್ದಿದೆ. ಮಾತನಾಡಿ ಅನ್ನುತ್ತಾರೆ, ಸರಿ. ಯಾವ ಮಾತಿನಲ್ಲಿ?

ಬ್ಯಾಂಕಿನ ಎಟಿಎಂ ಕನ್ನಡದ ಮೇಲೆ ನಾನು ಈ ಅಂಕಣದಲ್ಲಿ ಎಷ್ಟು ಸಲ ಹರಿಹಾಯ್ದಿದ್ದೇನೋ ಲೆಕ್ಕವಿಲ್ಲ. ‘ಮತ್ತೆ ಶುರುವಾಯ್ತು ಇವನದು’ ಎಂದು ಹಳೆಯ ಓದುಗರು ಈಗಾಗಲೇ ಪುಟ ಮಗುಚಿರಬಹುದು. ಆದರೂ ಕೇಳಿ. ಎಟಿಎಂ ಎಂಥ ಹರಕು ಕನ್ನಡ ಆಡಿದರೂ ನೋಟು ಸರಿಯಾಗಿಯೇ ಎಣಿಸಿ ಕೊಡುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿ ಮಾತೇ ಮದ್ದು. ಮಾತು ಕೆಟ್ಟರೆ ಮದ್ದೇ ಕೆಟ್ಟಂತೆ.

ಆ ಫಾರಂ ಅಮೆರಿಕದಲ್ಲಿ ಹುಟ್ಟಿದ್ದು. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಕೆಟ್ಟ ಸಾಧನವೇನಲ್ಲ. ಅದರ ಕನ್ನಡ ರೂಪವೂ ಹುಡುಕಿದರೆ ಸಿಗುತ್ತದೆ. ಹುಡುಕುವ ಬದಲು ಯಾರೋ ಕಂಪ್ಯೂಟರಿಗೆ ಹೇಳಿ ಎರಡು ನಿಮಿಷದಲ್ಲಿ ಕೆಲಸ ಮುಗಿಸಿದ್ದಾರೆ.

ಚಿಕ್ಕಪ್ಪ ಹೋಗಿ ಎಂಟು ತಿಂಗಳು. ಚಿಕ್ಕಮ್ಮನಿಗೆ ನಿದ್ದೆಯಿಲ್ಲ. ಏನಾಗುತ್ತೆ ಎಂದರೆ ‘ಸಂಕಟ’ ಅನ್ನುತ್ತಾರೆ. ಎಲ್ಲಿ ಎಂದರೆ ಅಂಗೈ ಹೊಟ್ಟೆಯ ಮೇಲಿಂದ ನಿಧಾನವಾಗಿ ಎದೆಗೆ ಏರಿ, ಗಂಟಲ ಹತ್ತಿರ ಬಂದು ನಿಲ್ಲುತ್ತದೆ. ಇಸಿಜಿ ಆಯಿತು, ಎಂಡೋಸ್ಕೋಪಿ ಆಯಿತು, ಗ್ಯಾಸಿನ ಮಾತ್ರೆ ಮೂರು ತಿಂಗಳು ನುಂಗಿದ್ದಾಯಿತು.

ಈ ಸಂಕಟವನ್ನೇ ನೋಡಿ. ಹಳಸಿದ್ದು ತಿಂದರೂ ಸಂಕಟ, ಗಂಡ ಸತ್ತರೂ ಸಂಕಟ. ನಮಗೆ ಕರುಳು ಚುರ್ರೆನ್ನುತ್ತದೆ, ಹೊಟ್ಟೆ ಉರಿಯುತ್ತದೆ, ಎದೆ ಭಾರವಾಗುತ್ತದೆ, ತಲೆ ಕೆಡುತ್ತದೆ. ಕನ್ನಡದ ದುಃಖ ಮೈಯೊಳಗೇ ಮನೆ ಮಾಡಿಕೊಂಡಿರುವಂಥದ್ದು. ಉಳಿದದ್ದಕ್ಕೆಲ್ಲ ‘ಬೇಜಾರು’ ಇದೆ. ಬಸ್ಸು ತಪ್ಪಿದರೂ ಬೇಜಾರು, ಮಗಳು ಫೋನು ಮಾಡದಿದ್ದರೂ ಬೇಜಾರು, ಬದುಕೇ ಸಾಕಾದರೂ ಬೇಜಾರು. ಯಾವ ಬೇಜಾರು ಎಂಬುದು ದನಿಯಲ್ಲಿ ಗೊತ್ತಾಗಬೇಕು. ಇನ್ನು ‘ಖಿನ್ನತೆ’ ಎಂಬುದನ್ನು ಮನೆಯಲ್ಲಿ ಯಾರಾದರೂ ಆಡಿದ್ದು ಕೇಳಿದ್ದೀರಾ? ‘ಇವತ್ತು ಯಾಕೋ ಖಿನ್ನನಾಗಿದ್ದೇನೆ, ಒಂದು ಲೋಟ ಕಾಫಿ ಕೊಡು’ ಅಂದರೆ ನನ್ನ ಹೆಂಡತಿ ನಾಟಕದ ರಿಹರ್ಸಲ್ಲು ಅಂದುಕೊಳ್ಳುತ್ತಾಳೆ.

ಹೀಗೆ ಮನಸ್ಸಿನ ನೋವನ್ನು ಮೈಮೇಲೆ ಹಾಕಿ ಹೇಳುವವರನ್ನು ಪಶ್ಚಿಮದ ಪಂಡಿತರು ಬಹುಕಾಲ ತುಸು ಕೀಳಾಗಿಯೇ ಕಂಡರು. ಪಾಪ, ಭಾವನೆ ಹೇಳಿಕೊಳ್ಳಲು ಬಾರದ ಜನ ಎಂದು. ಮನೋವೈದ್ಯ ಡಾ. ರಘುರಾಮ್ ಮತ್ತು ಅವರ ಜತೆಗಾರರು ಬೆಂಗಳೂರಿನ 80 ರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಮನಸ್ಸಿನ ನೋವು ಹೆಚ್ಚಾಗಿ ಹೇಳಿಕೊಂಡವರಲ್ಲಿ ಕಳಂಕದ ಅಳುಕೂ ಹೆಚ್ಚಿತ್ತು, ಮೈನೋವು ಹೇಳಿಕೊಂಡವರಲ್ಲಿ ಕಡಿಮೆಯಿತ್ತು. ಮೈಕೈ ನೋವು ಎಲ್ಲರಿಗೂ ಬರುತ್ತದೆ, ಅದರಿಂದ ಮಗಳ ಮದುವೆ ನಿಲ್ಲುವುದಿಲ್ಲ. ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರಪ್ಪ’ ಎಂಬುದು ಇವತ್ತಿಗೂ ಬೈಗುಳವಾಗಿರುವ ಊರಿನಲ್ಲಿ ಹೊಟ್ಟೆ ನೋವು ಎಂದು ಹೇಳಿಕೊಳ್ಳುವುದು ದಡ್ಡತನವಲ್ಲ, ಲೆಕ್ಕಾಚಾರ.

ಇದೆಲ್ಲ ನಮಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಆಗಿನ ದಕ್ಷಿಣ ಕನ್ನಡದ ಕೋಟಕ್ಕೆ ಹೋಗಿ (ಹೌದು, ಕಾರಂತರ ಕೋಟವೇ) ಬ್ರಾಹ್ಮಣರು, ಬಂಟರು, ಮೊಗೇರರ ಮನೆಗಳಲ್ಲಿ ಮನಸ್ಸಿನ ತೊಂದರೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ನೋಡಿದರು. ಪರದೇಶದ ಫಾರಂ ಕೊಂಡೊಯ್ಯಲಿಲ್ಲ. ನಮ್ಮ ಹಳ್ಳಿಗಾಡಿಗೆ ಹೊಂದುವ ಪ್ರಶ್ನಾವಳಿಯನ್ನೇ ಹೊಸದಾಗಿ ಕಟ್ಟಿಕೊಂಡರು. ಜನ ಪಂಡಿತರ ಹತ್ತಿರ, ಮಂತ್ರವಾದಿಯ ಹತ್ತಿರ, ದೈವದ ಪಾತ್ರಿಯ ಹತ್ತಿರ ಏಕೆ ಹೋಗುತ್ತಾರೆ ಎಂಬುದನ್ನು ನಗದೆ ಕೇಳಿಸಿಕೊಂಡರು. ಪುಸ್ತಕ ಬಂದದ್ದು 1976ರಲ್ಲಿ. ಅದೇ ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡದ ಪ್ರಶಸ್ತಿಯನ್ನು ಕೊಟ್ಟದ್ದು ‘ಮನಮಂಥನ’ ಎಂಬ ಮನೋವೈದ್ಯಕೀಯದ ಪುಸ್ತಕಕ್ಕೆ. ಬರೆದವರು ಡಾ. ಎಂ. ಶಿವರಾಂ, ಅಂದರೆ ‘ಕೊರವಂಜಿ’ಯ ರಾಶಿ. ಕಾದಂಬರಿಗೂ ಅಲ್ಲ, ಕಾವ್ಯಕ್ಕೂ ಅಲ್ಲ! ಮನಸ್ಸಿನ ಕಾಯಿಲೆಯನ್ನು ಕನ್ನಡದಲ್ಲಿ ಬರೆದ ನಗೆಗಾರನಿಗೆ. ಆಗ ಇದ್ದ ಭಾಷೆ ಎಲ್ಲಿ ಹೋಯಿತು ಸ್ವಾಮಿ?

ಇರಲಿ, ಚಿಕ್ಕಮ್ಮನ ಕಥೆಗೆ ಬರುತ್ತೇನೆ. ಫಾರಂ ಮುಗಿದ ಮೇಲೆ ಕೌನ್ಸೆಲರ್ ಹುಡುಗಿಯೊಬ್ಬಳು ಅವರನ್ನು ಒಳಗೆ ಕರೆದಳು. ನಾನೂ ಎದ್ದೆ. ‘ನೀವು ಹೊರಗಿರಿ ಸರ್’ ಅಂದಳು. ರೋಗಿಯ ಗುಟ್ಟು ಕಾಯುವ ನಿಯಮವಂತೆ. ನನಗೆ ಅಮೃತಸರದ ಡಾ. ವಿದ್ಯಾಸಾಗರ್ ನೆನಪಾದರು. 1950ರ ದಶಕದಲ್ಲಿ ಮಾನಸಿಕ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಯ ಜತೆ ಮನೆಯವರನ್ನೂ ಉಳಿಸಿಕೊಂಡವರು. ಬೇರೆ ಕಡೆ ಸಂಬಂಧಿಕರನ್ನು ಗೇಟಿನಿಂದಲೇ ಕಳಿಸುತ್ತಿದ್ದ ಕಾಲ ಅದು. ಹೊರಗೆ ಕೂತು ಇದನ್ನೆಲ್ಲ ಮನಸ್ಸಿನಲ್ಲೇ ಭಾಷಣ ಮಾಡಿಕೊಂಡೆ. ಆಮೇಲೆ ಅನ್ನಿಸಿತು, ಚಿಕ್ಕಮ್ಮನಿಗೆ ನಮ್ಮ ಬಗ್ಗೆಯೇ ನಾಲ್ಕು ಮಾತು ಹೇಳಬೇಕಿದ್ದರೆ? ಅತ್ತೆಯ ಪಕ್ಕದಲ್ಲಿ ಕೂತು ಅತ್ತೆಯ ಕಾಟ ಹೇಳಲು ಯಾವ ಸೊಸೆಗೆ ಸಾಧ್ಯ? ಹೊರಗೆ ಕಳಿಸಿದ್ದು ಸರಿಯೇ ಇರಬಹುದು. ನನ್ನ ಭಾಷಣ ವಾಪಸು ತೆಗೆದುಕೊಂಡೆ, ಅರ್ಧದಷ್ಟು.

ಚಿಕ್ಕಮ್ಮ ಅರ್ಧ ಗಂಟೆಗೆ ಹೊರಗೆ ಬಂದರು. ‘ಹೆಸರು ಹಿಡಿದು ಕರೆದಳು ಕಣೋ ಆ ಹುಡುಗಿ. ನಮ್ಮತ್ತೆ ಹೋದ ಮೇಲೆ ನನ್ನನ್ನ ಹಾಗೆ ಕರೆಯೋರೇ ಇರಲಿಲ್ಲ.’ ಬೇಸರವೋ ಖುಷಿಯೋ ಗೊತ್ತಾಗಲಿಲ್ಲ. ‘ಮಗನ ಜತೆ ಗಡಿಗಳನ್ನ ಹಾಕಿಕೊಳ್ಳಿ ಅಂದಳು. ಅವನಿರೋದು ಡಲ್ಲಾಸ್‌ನಲ್ಲಿ. ಇನ್ನೆಷ್ಟು ದೂರ ಹಾಕಲಿ ಗಡಿ?’

ಇಷ್ಟು ಹೇಳಿದ್ದೇ ತಡ, ವಾಟ್ಸ್ಆ್ಯಪ್ಪಿನ ಸಂಸ್ಕೃತಿವೀರರು ಕುಣಿಯುತ್ತಾರೆ ಎಂದು ಗೊತ್ತು. ನೋಡಿದಿರಾ, ನಮಗೆ ಈ ಕೌನ್ಸೆಲಿಂಗೇ ಬೇಡ, ಕೂಡುಕುಟುಂಬ ಇತ್ತು, ಅಜ್ಜಿ ಇದ್ದರು, ದೇವಸ್ಥಾನ ಇತ್ತು. ಸ್ವಲ್ಪ ತಡೆಯಿರಿ. ಕೂಡುಕುಟುಂಬದ ಹಿತ್ತಿಲ ಕೋಣೆಯಲ್ಲಿ ಬಾಗಿಲು ಹಾಕಿಸಿಕೊಂಡು ಬದುಕು ಸವೆಸಿದ ಅತ್ತೆಯೊಬ್ಬರು ನಿಮ್ಮ ವಂಶದಲ್ಲೂ ಇದ್ದಾರು, ಕೇಳಿ ನೋಡಿ. ತ್ರಿವೇಣಿ ‘ಶರಪಂಜರ’ ಕಾದಂಬರಿ ಬರೆದದ್ದು ಏಕೆ? ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮತ್ತೆ ಹುಚ್ಚಿಯಾಗಿಸಿದ್ದು ಫ್ರಾಯ್ಡ್ ಅಲ್ಲ, ಅಕ್ಕಪಕ್ಕದವರು ಮತ್ತು ಗಂಡ. ಇನ್ನು ದೇವರ ಸನ್ನಿಧಿ. ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡ 31 ಮಂದಿಯ ತೊಂದರೆ ಸ್ವಲ್ಪ ಇಳಿದದ್ದನ್ನು ಇದೇ ರಘುರಾಮ್ ತಂಡ 2002ರಲ್ಲಿ ದಾಖಲಿಸಿದೆ, ನಿಜ. ಅದೇ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಆಸರೆ ನಂಬಿ ಬಂದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದ ಚಪ್ಪರಕ್ಕೆ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಓಡಲಾಗದೆ ಸುಟ್ಟುಹೋದವರೂ ಇದ್ದಾರೆ. ಎರಡನ್ನೂ ಫಾರ್ವರ್ಡ್ ಮಾಡಿ.

ನನ್ನ ತಗಾದೆ ಚಿಕಿತ್ಸೆಯ ಮೇಲಲ್ಲ. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರುವ ನೂರರಲ್ಲಿ ಸುಮಾರು 85 ಜನ ಚಿಕಿತ್ಸೆಯ ಬಾಗಿಲು ತಟ್ಟುವುದೇ ಇಲ್ಲ. ಧೈರ್ಯ ಮಾಡಿ ತಟ್ಟುವ ಹದಿನೈದು ಜನಕ್ಕೆ ಕೆಳಗೋ ಮೇಲೋ ಎಂದು ಕೇಳಿ ಕಳಿಸಬೇಡಿ ಎಂಬುದಷ್ಟೇ.

ಆ ಹುಡುಗಿಯದೂ ತಪ್ಪಲ್ಲ. ಮಂಡ್ಯ ಕಡೆಯವಳು. ನಾವು ಔಷಧಿಯ ಸಾಲಿನಲ್ಲಿ ನಿಂತಿದ್ದಾಗ ಕಾರಿಡಾರಿನ ಕೊನೆಯಲ್ಲಿ ಅಮ್ಮನ ಜತೆ ಫೋನಿನಲ್ಲಿದ್ದಳು. ‘ಉಂಡ್ಯಾ? ಯಾಕವ್ವ ಸಪ್ಪಗಿದ್ದೀಯ?’ ಅಂದಳು. ಚಿಕ್ಕಮ್ಮ ಥಟ್ಟನೆ ತಿರುಗಿ ನೋಡಿದರು. ಸಪ್ಪಗಿದ್ದೀಯ! ಒಂಬತ್ತು ಪ್ರಶ್ನೆಯ ಜಾಗದಲ್ಲಿ ಉಪ್ಪಿಲ್ಲದ ಸಾರಿನಂಥ ಆ ಒಂದು ಮಾತು. ಹದಿನೈದು ನಿಮಿಷದ ಹಿಂದೆ ಅದನ್ನು ನಮ್ಮ ಚಿಕ್ಕಮ್ಮನಿಗೆ ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದರು. ಅಳಬೇಕಿತ್ತು ಕೂಡ. ಎಂಟು ತಿಂಗಳಿಂದ ಅತ್ತಿಲ್ಲ.

ಮೊನ್ನೆ ಮತ್ತೆ ಹೋದೆವು. ಮತ್ತೆ ಅದೇ ಫಾರಂ, ಅದೇ ಎರಡನೆಯ ಪ್ರಶ್ನೆ. ಈ ಸಲ ಚಿಕ್ಕಮ್ಮ ಕನ್ನಡಕ ತೆಗೆಯಲೂ ಇಲ್ಲ. ‘ನಾನು ಕೆಳಗೇ ಇದ್ದೀನಿ ಅಂತ ಬರಿ’ ಅಂದರು. ‘ಮೇಲಿನ ಮನೆ ಖಾಲಿ ಇರೋದು ನಂದಲ್ಲ, ಇದನ್ನ ಬರೆದವನದ್ದು.’